ಆರದ ಪರದೆ

"ಅಲುಗಾಡಬೇಡಿ. ಹಾಗೇ ಹಿಡ್ಕೊಂಡಿರಿ," ಎನ್ನುತ್ತ ಅವಳು ಅವನ ಕೈಯಲ್ಲಿದ್ದ ಫೋನಿನ ಮೇಲಂಚನ್ನು ಹೆಬ್ಬೆರಳಿನಿಂದ ಮುಚ್ಚಿದಳು. ಪರದೆ ಆರಿತು. ಬೆರಳು ತೆಗೆದಳು, ಬೆಳಗಿತು. ಮತ್ತೆ ಮುಚ್ಚಿದಳು, ಮತ್ತೆ ಆರಿತು.

"ಸರಿಯಾಗೇ ಇದೆಯಲ್ರೀ!"

"ನೀವು ಮುಟ್ಟಿದ್ರೆ ಸರಿಯಾಗೇ ಇರತ್ತೆ," ಎಂದ ಕನ್ನಡಕದ ಅಂಗಡಿಯವನು. ಆಡಿದ ಮಾತು ತನ್ನ ಕಿವಿಗೇ ಬಿದ್ದಮೇಲೆ, ಮೇಜಿನ ಮೇಲಿದ್ದ ಗಾಜು ಒರೆಸುವ ಬಟ್ಟೆಯನ್ನು ಎತ್ತಿಕೊಂಡು ಮಡಚತೊಡಗಿದ. ಅದು ಆಗಲೇ ಮಡಚಿಯೇ ಇತ್ತು.

ಮೂಲೆಯ ಕುರ್ಚಿಯಲ್ಲಿ, ಕಣ್ಣು ಪರೀಕ್ಷೆಯ ಭಾರದ ಫ್ರೇಮನ್ನು ಮೂಗಿನ ಮೇಲೆ ಹೊತ್ತು ಕೂತಿದ್ದ ಅಜ್ಜಿಯೊಬ್ಬರು ಕೇಳಿದರು, "ಏನಪ್ಪಾ, ನನ್ನ ಕಣ್ಣು ಮೊದಲೋ, ಆ ಹುಡುಗಿ ಫೋನು ಮೊದಲೋ?"

"ಫೋನ್ ನಂದೇ ಅಜ್ಜಿ. ಒಂದೇ ನಿಮಿಷ."

"ಆಗ್ಲಿಂದ ಅದೇ ನಿಮಿಷ ನಡೀತಾ ಇದೆ."

ಆ ಫೋನು ಹಳೆಯದು. ಮಾಡಿದ ಕಂಪನಿಯೇ ಅದರ ಕೈಬಿಟ್ಟು ಬಹುಕಾಲವಾಗಿತ್ತು. ಹೀಗೆ ಅನಾಥವಾದ ಫೋನುಗಳಿಗೆ ಹೊಸ ಸಾಫ್ಟ್‌ವೇರ್ ಕಟ್ಟಿಕೊಡುವ ಓಪನ್ ಸೋರ್ಸ್ ಗುಂಪೊಂದಿದೆ. ಅವರ ಕೆಲಸವನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಬಿಟ್ಟಿಯಾಗಿ ಬಳಸಬಹುದು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆ ಅನ್ನುತ್ತಾರಲ್ಲ, ಈ ಮಾಡೆಲ್‌ನ ಮಟ್ಟಿಗೆ ಆ ತಲೆ ಅವಳದು. ಹೊಟ್ಟೆಪಾಡಿಗೆ ಆಸ್ಪತ್ರೆಯೊಂದರ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಿದ್ದಳು. ಉಳಿದ ಹೊತ್ತೆಲ್ಲ ಈ ಹೊರೆಗೆ.

ಗುಂಪಿನಲ್ಲಿ ಅವಳ ಹೆಸರು ಗುಬ್ಬಿ. ಅವನು ಗೂಬೆ, ಅವಳ ಟೆಸ್ಟರ್. ಪ್ರತಿ ರಿಲೀಸ್‌ಗೂ ಮುಂಚೆ ಹೊಸ ಸಾಫ್ಟ್‌ವೇರನ್ನು ತನ್ನ ಫೋನಿಗೆ ಹಾಕಿಕೊಂಡು, ಕ್ಯಾಮೆರಾ, ವೈಫೈ, ಅಲಾರಾಂ ಎಲ್ಲ ನೋಡಿ, ಕೊನೆಗೆ ಅವಳಿಗೊಂದು ಕಾಲ್ ಮಾಡುವುದು ಅವನ ಕೆಲಸ. 'ಹಲೋ, ಕೇಳಿಸ್ತಿದೆಯಾ, ಸರಿ' ಎಂಬಲ್ಲಿಗೆ ಮುಗಿಯಬೇಕಾದ ಆ ಕಾಲ್ ಬರಬರುತ್ತ ಹನುಮಂತನ ಬಾಲವಾಗಿತ್ತು. ಗಿರಾಕಿಗಳ ಕಥೆ, ಅವಳ ಅಕ್ಕನ ಮಕ್ಕಳ ಪುಂಡಾಟ, ತಿಂದದ್ದು, ತಿನ್ನದೆ ಮಲಗಿದ್ದು. ಎಲ್ಲ ಟೆಸ್ಟಿಂಗ್ ಲೆಕ್ಕಕ್ಕೆ.

ಒಂದೇ ಊರಿನಲ್ಲಿದ್ದೂ ಮುಖಾಮುಖಿ ಆದದ್ದು ಇವತ್ತೇ, ಅದೂ ಒಂದು ಬಗ್‌ನ ದೆಸೆಯಿಂದ. ಕಾಲ್ ಮಾಡುವಾಗ ಫೋನು ಕಿವಿಗೆ ತಾಗಿದೊಡನೆ ಪರದೆ ಆರಬೇಕು. ಇಲ್ಲವಾದರೆ ಕೆನ್ನೆಯೇ ಒತ್ತಿ ಕಾಲ್ ಕಟ್ ಮಾಡಿಬಿಡುತ್ತದೆ. ಬೇರೆ ಟೆಸ್ಟರ್‌ಗಳ ಫೋನಿನಲ್ಲೆಲ್ಲ ಆರುತ್ತಿತ್ತು. ಅವನೊಬ್ಬ ಮಾತ್ರ ಪ್ರತಿಸಲವೂ 'ಆರುವುದಿಲ್ಲ' ಎಂದು ಬರೆಯುತ್ತಿದ್ದ. ಒಬ್ಬ ಟೆಸ್ಟರ್ 'ಸರಿಯಿಲ್ಲ' ಅಂದರೂ ರಿಲೀಸ್ ಬಿಡುವಂತಿಲ್ಲ. ಅದು ಗುಂಪಿನ ಕಟ್ಟಳೆ. ಇವತ್ತು ಸಂಜೆ ಗಡುವು. ಮೀರಿದರೆ ಈ ಮಾಡೆಲ್ ಇಟ್ಟುಕೊಂಡವರೆಲ್ಲ ನಡುನೀರಿನಲ್ಲಿ.

ಬಿಟ್ಟರೂ ಇದೇ ಕೊನೆಯ ರಿಲೀಸ್. ಇದಕ್ಕಿಂತ ಹೆಚ್ಚಿನ ಭಾರ ಹೊರಲು ಆ ಫೋನಿನ ಚಿಪ್‌ಗೆ ತ್ರಾಣವಿರಲಿಲ್ಲ. ಆಮೇಲೆ ಟೆಸ್ಟ್ ಇಲ್ಲ. ಟೆಸ್ಟ್ ಇಲ್ಲದಮೇಲೆ ಕಾಲ್ ಯಾತಕ್ಕೆ?

ಬೆಳಗ್ಗೆ ಕನ್ನಡಿಯ ಮುಂದೆ ನಿಂತಾಗ ಅವಳಿಗೆ ಇದೇ ಯೋಚನೆ. ಬಗ್ ಸಿಗಬೇಕು, ಆದರೆ ಬೇಗ ಸಿಗಬಾರದು. ಅಕ್ಕ ಬಾಗಿಲಿಗೆ ಒರಗಿ, "ಅಲ್ಲ ಕಣೇ, ಬಗ್ ಹಿಡಿಯೋಕೆ ಹೋಗೋಳಿಗೆ ಕಾಡಿಗೆ ಯಾಕೆ? ಅದು ಹೆದರಿಕೊಳ್ಳಲಿ ಅಂತಾನಾ?" ಎಂದಿದ್ದಳು.

"ಕಣ್ಣಿನ ಅಂಗಡಿಗೆ ಹೋಗ್ತಿದೀನಲ್ಲ, ಅದಕ್ಕೆ."

"ಓಹೋ, ಹಾಗೆ!" ಎಂದು ರಾಗ ಎಳೆದಿದ್ದಳು ಅಕ್ಕ.

ಆದರೆ ಇಲ್ಲಿ ನೋಡಿದರೆ, ಕಣ್ಣು ನೋಡುವುದೇ ಕಸುಬಾದ ಈ ಮನುಷ್ಯ ಬಂದಾಗಿನಿಂದ ಅವಳ ಕಣ್ಣೊಂದನ್ನು ಬಿಟ್ಟು ಮಿಕ್ಕೆಲ್ಲ ನೋಡುತ್ತಿದ್ದ. ಅವಳ ಗಡಿಯಾರ, ಅವಳ ಲ್ಯಾಪ್‌ಟಾಪು, ಅವಳ ಹಿಂದಿನ ಗೋಡೆಯ ಮೇಲೆ ಸಾಲುಸಾಲಾಗಿ ಕೂತ ಫ್ರೇಮುಗಳು. ನೋಟ ಅವಳ ಹುಬ್ಬಿನವರೆಗೆ ಏರುತ್ತಿತ್ತು. ಅಲ್ಲಿ ಕಾಲು ಜಾರಿದಂತೆ ಕೆಳಗಿಳಿಯುತ್ತಿತ್ತು.

"ಒಂದು ಕೆಲಸ ಮಾಡೋಣ," ಎಂದಳು. "ನಾನು ಆಚೆ ಹೋಗ್ತೀನಿ. ಯಾವಾಗ್ಲೂ ಹೆಂಗೆ ಕಾಲ್ ಮಾಡ್ತೀರೋ ಹಂಗೇ ಮಾಡಿ. ನಾನಿಲ್ಲಿ ಇಲ್ಲ ಅಂದ್ಕೊಳ್ಳಿ."

"ಅದು ಕಷ್ಟ."

"ಯಾಕೆ?"

"ಇಲ್ಲ, ಏನಿಲ್ಲ. ಮಾಡ್ತೀನಿ."

ರಸ್ತೆ ದಾಟಿ ಎದುರಿನ ದರ್ಜಿ ಅಂಗಡಿಯ ನೆರಳಿಗೆ ನಿಂತಳು. ಫೋನು ಕಂಪಿಸಿತು.

"ಗುಬ್ಬಿ ಅವರೇ, ಕೇಳಿಸ್ತಿದೆಯಾ?"

"ಕೇಳಿಸ್ತಿದೆ ಗೂಬೆ ಅವರೇ. ಪರದೆ?"

"ಆರಿಲ್ಲ. ದೀಪದ ಹಾಗೆ ಉರೀತಿದೆ."

ಎದುರಿಗಿದ್ದಾಗ ಒಣಗಿಹೋಗಿದ್ದ ದನಿ ಫೋನಿನಲ್ಲಿ ಮತ್ತೆ ಹಸಿರಾಗಿತ್ತು. ಅವಳಿಗೆ ನಗು ಬಂತು. ಅಷ್ಟರಲ್ಲಿ ಪಕ್ಕದಲ್ಲೇ ಲಾರಿಯೊಂದು ಹಾರ್ನ್ ಹೊಡೆಯುತ್ತ ನಿಂತಿತು. "ಏನೂ ಕೇಳಿಸ್ತಿಲ್ಲ, ತಡೀರಿ," ಎಂದು ಫೋನನ್ನು ಕಿವಿಗೊತ್ತಿಕೊಂಡೇ ರಸ್ತೆ ದಾಟಿ ಈಚೆ ಬಂದಳು. ಅಂಗಡಿಯ ಗಾಜಿನ ಮುಂದೆ ನಿಂತುಬಿಟ್ಟಳು.

ಒಳಗೆ ಅವನು ಫೋನನ್ನು ಕನ್ನಡಿಯ ಸ್ಟ್ಯಾಂಡಿಗೆ ಒರಗಿಸಿ ನಿಲ್ಲಿಸಿದ್ದ. ಎರಡೂ ಮೊಣಕೈ ಮೇಜಿನ ಮೇಲೆ, ಗದ್ದ ಅಂಗೈಯಲ್ಲಿ. ಫೋನು ಅವನ ಕಿವಿಯಿಂದ ಗಾವುದ ದೂರ. ಉರಿಯುತ್ತಿದ್ದ ಪರದೆಯ ತುಂಬ ಅವಳ ಫೋಟೋ. ಅದನ್ನು ಅವನು ರೆಪ್ಪೆ ಬಡಿಯದೆ ನೋಡುತ್ತಿದ್ದ. ಭಾರದ ಫ್ರೇಮಿನೊಳಗಿಂದ ಅಜ್ಜಿಯೂ ಬಗ್ಗಿ ಅದನ್ನೇ ನೋಡುತ್ತಿದ್ದರು.

ಅವಳು ಹಣೆ ಚಚ್ಚಿಕೊಂಡಳು. ಕಿವಿಗೆ ಇಟ್ಟರೆ ತಾನೇ ಆರುವುದು! ಈ ಬಗ್‌ಗಾಗಿ ತನ್ನ ಕೋಡನ್ನೆಲ್ಲ ಸಾಲುಸಾಲಾಗಿ ಸೋಸಿದ್ದಳು.

ಬಾಗಿಲು ತಳ್ಳಿ ಒಳಗೆ ಬಂದಳು. ಅವನು ತಡಬಡಿಸಿ ಎದ್ದ.

"ಹೀಗೇನಾ ಯಾವಾಗ್ಲೂ ಕಾಲ್ ಮಾಡೋದು? ಸ್ಪೀಕರ್ ಹಾಕ್ಕೊಂಡು?"

"ಪರದೆ ಆರತ್ತಾ ಅಂತ ಕೇಳಿದ್ರಿ. ಆರ್ತಿರಲಿಲ್ಲ, ಇಲ್ಲ ಅಂತ ಬರೆದೆ. ಸುಳ್ಳೇನೂ ಬರೀಲಿಲ್ಲ."

"ಹಿಂದಿನ ರಿಲೀಸ್‌ನಲ್ಲಿ ಆರ್ತಿತ್ತಲ್ಲ?"

"ಆಗ ಕಿವಿಗೆ ಇಟ್ಕೋತಿದ್ದೆ."

"ಈಗ ಕಿವಿಗೆ ಏನಾಗಿದೆ?"

ಉತ್ತರ ಕೊಟ್ಟಿದ್ದು ಅಜ್ಜಿ. "ಕಿವಿಗೆ ಏನಾಗತ್ತಮ್ಮ? ಅವನಿಗೆ ಆಗಿರೋದು ಕಣ್ಣಿಗೆ."

"ಮೊದಲು ನೀವು ಕಾಲ್‌ನಲ್ಲಿ ಗುಬ್ಬಿ ಚಿತ್ರ ಹಾಕಿದ್ರಿ," ಎಂದ ಅವನು, ಮೇಜಿಗೆ ಹೇಳುವ ಹಾಗೆ. "ಆಮೇಲೆ ಫೋಟೋ ಬದಲಾಯಿಸಿದ್ರಿ. ಕಿವಿಗೆ ಇಟ್ಟರೆ ಅದು ಕಾಣಲ್ಲ."

ಅವಳಿಗೆ ಕೋಪ ಬರಬೇಕಿತ್ತು. ಬಂದದ್ದು ಬೇರೆ ಏನೋ. ಕಿವಿಯ ಹಾಲೆ ಬೆಚ್ಚಗಾಯಿತು. ಆ ಫೋಟೋ ಹಾಕಿದ ದಿನ, ಅದು ಅವನಿಗೆ ಕಾಣಲಿ ಎಂದೇ ಹಾಕಿದ್ದೆನೆಂದು ಈಗ ಯಾರಿಗೆ ಹೇಳುವುದು?

ಲ್ಯಾಪ್‌ಟಾಪ್ ತೆರೆದಳು. ಕಂಡದ್ದನ್ನು ಮುಚ್ಚಿಟ್ಟು, ಬಗ್ ಇನ್ನೂ ಸಿಕ್ಕಿಲ್ಲ ಎಂದರೆ ಇನ್ನಷ್ಟು ದಿನ ಅವನ ಕಾಲ್ ಬರುತ್ತಿತ್ತು. ಆದರೆ ಊರೂರಲ್ಲಿ ಯಾರ್ಯಾರದೋ ಜೇಬಿನ ಹಳೆಯ ಫೋನುಗಳು ಕಾಯುತ್ತಿದ್ದವು. 'ದೋಷ ಫೋನಿನದಲ್ಲ' ಎಂದು ಟೈಪ್ ಮಾಡಿದಳು. ರಿಲೀಸ್ ಬಟನ್ ಒತ್ತಿದಳು. ಹಸಿರು ಗೆರೆ ನಿಧಾನಕ್ಕೆ ತುಂಬಿ ಕೊನೆ ಮುಟ್ಟಿತು.

"ಹೋಯ್ತು," ಎಂದಳು.

"ಹೋಯ್ತಾ," ಎಂದ.

ತೆಗೆದಿಟ್ಟ ಚಾರ್ಜರ್ ವೈರನ್ನು ಅವಳು ಬೇಕಂತಲೇ ನಿಧಾನಕ್ಕೆ ಸುತ್ತಿದಳು. ಸುತ್ತಿ ಮುಗಿದಮೇಲೆ, ಎದೆ ಗಟ್ಟಿಮಾಡಿಕೊಂಡು, ಬ್ಯಾಗಿನಿಂದ ಇನ್ನೂ ಸೀಲ್ ಒಡೆಯದ ಡಬ್ಬಿಯೊಂದನ್ನು ತೆಗೆದು ಅವನತ್ತ ಸರಿಸಿದಳು.

"ಮಾರ್ಕೆಟ್ಟಿಗೆ ಈಗಷ್ಟೇ ಬಂದಿರೋ ಮಾಡೆಲ್. ಗುಂಪಿನಿಂದ ಎರಡು ಕಳಿಸಿದ್ದಾರೆ, ನಂಗೊಂದು, ಟೆಸ್ಟರ್‌ಗೊಂದು. ಇದಕ್ಕೆ ವರ್ಷಗಟ್ಟಲೆ ರಿಲೀಸ್ ಇರತ್ತೆ. ಟೆಸ್ಟೂ ಇರತ್ತೆ. ಕಾಲೂ... ಇರತ್ತೆ. ತಗೊಳ್ಳಿ."

ಅವನು ಡಬ್ಬಿಯನ್ನು ನೋಡಿದ. ಹೊಳೆಯುವ ಅದರ ಮುಚ್ಚಳ ನೋಡಿದ. ಆಮೇಲೆ ತಲೆ ಎತ್ತಿ, ಮೊದಲ ಬಾರಿಗೆ, ನೆಟ್ಟಗೆ ಅವಳ ಕಣ್ಣನ್ನೇ ನೋಡಿದ. ಯಾವ ಗಾಜೂ ನಡುವೆ ಇರಲಿಲ್ಲ.

"ಬೇಡ."

"ಚೆನ್ನಾಗಿದೆ ಕಣ್ರೀ. ಕ್ಯಾಮೆರಾ ನೋಡಿದ್ರೆ ನೀವೇ..."

"ಬೇಡ," ಎಂದು ಡಬ್ಬಿಯನ್ನು ಅವಳ ಕಡೆಗೇ ದೂಡಿದ. "ನಾಳೆ ಕಾಲ್ ಮಾಡ್ತೀನಿ. ನಾಡಿದ್ದೂ ಮಾಡ್ತೀನಿ. ಬೈದ್ರೂ ಮಾಡ್ತೀನಿ. ಆದ್ರೆ ಟೆಸ್ಟ್ ಅಂತ ಹೇಳ್ಕೊಂಡು ಇನ್ನೊಂದು ಸಲ ಮಾಡಲ್ಲ. ಈ ಫೋನ್ ನಂಗೆ ಬೇಡ."