ಬಸ್ಸು ಹೋಗದ ಜಾಗ

"ಎಣಿಸು ನೋಡೋಣ," ಎಂದಳು ನೆವೆನಾ.

"ಎಣಿಸೋದೇನು? ಮೂರು ಇದೆ, ಆರು ಇಲ್ಲ. ಹೋದ ಸಲಾನೂ ಅಷ್ಟೇ," ಎಂದ ಅವಳ ಅಣ್ಣ ಅಸೆನ್. ಇಬ್ಬರೂ ಆಗತಾನೆ ಸ್ಕೂಲ್ ಬಸ್ಸಿನಿಂದ ಇಳಿದಿದ್ದರು.

ಬಾಲ್ಕನ್ ಬೆಟ್ಟಗಳ ಬುಡದ ಸ್ಲಿವಾಕ್ ಎಂಬ ಆ ಹಳ್ಳಿಯ ಚೌಕದಲ್ಲಿ ಒಂಬತ್ತು ಗೂಟ ಹೊಡೆದಿದ್ದರು. ಗೂಟ ಇದ್ದಲ್ಲೆಲ್ಲ ಒಂದೊಂದು ಲಿಪಾ ಗಿಡ ಬರಬೇಕಿತ್ತು. ಲಿಪಾ ಬೆಳೆದರೆ ನೆರಳೂ ಆಯಿತು, ಚಹಾಕ್ಕೆ ಹೂವೂ ಆಯಿತು. ಹಳೆಯ ಮರಗಳು ಟೊಳ್ಳಾದವೆಂದು ಕಡಿದ ಮೇಲೆ ಎರಡು ಬೇಸಿಗೆ ಚೌಕದಲ್ಲಿ ಯಾರೂ ಕೂತಿರಲಿಲ್ಲ.

ಗಿಡಗಳೇನೋ ಬಂದಿದ್ದವು. ಬೇರಿಗೆ ಒದ್ದೆ ಮರಳು ಹೊದ್ದುಕೊಂಡು ಗ್ರಂಥಾಲಯದ ಹಿಂದೆ ಮೂರು ವಾರದಿಂದ ಮಲಗಿದ್ದವು. ಆದರೆ ಗೂಟ ಹೊಡೆದಾಗಲೆಲ್ಲ ಮರುದಿನ ಆರು ಗೂಟ ಮಾಯ. ಇದು ಮೂರನೇ ಸಲ.

"ಇವನ ಫುಟ್ಬಾಲ್ ಪಟಾಲಂ ಕೆಲಸ ಇದು," ಅಂಗಡಿ ಮೆಟ್ಟಿಲ ಮೇಲೆ ಕೂತಿದ್ದ ತನಾಸ್ ಅಜ್ಜ ಊರುಗೋಲನ್ನು ಅಸೆನ್ ಕಡೆ ತೋರಿಸಿದರು. "ಆಟಕ್ಕೆ ಅಡ್ಡ ಬರುತ್ತಲ್ಲ."

"ನಾವಲ್ಲ ಅಜ್ಜ."

"ಮತ್ತೆ ನನ್ನ ಮೇಕೆ ಬಂದು ಕಿತ್ತಿತೇನೋ?"

ಊರಿನ ಮೇಯರ್ ಮಿನ್ಕಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ಯಾರು ಅಂತ ಗೊತ್ತಾಗೋವರೆಗೂ ನಾನು ಗುಂಡಿ ತೋಡಿಸಲ್ಲ. ಇವತ್ತು ಗೂಟ ಕಿತ್ತೋರು ನಾಳೆ ಗಿಡ ಕೀಳಲ್ವಾ? ಅಲ್ಲೀವರೆಗೂ ಚೌಕದಲ್ಲಿ ಚೆಂಡು ಕಾಣಿಸಬಾರದು, ಅಸೆನ್."

ಅಸೆನ್‌ನ ಕಿವಿ ಕೆಂಪಾಯಿತು.

"ಅಷ್ಟರಲ್ಲಿ ಚಿಗುರು ಬಂದುಬಿಟ್ರೆ?" ಎಂದಳು ನೆವೆನಾ.

"ಬಂದ ಮೇಲೆ ನೆಟ್ರೆ ಬದುಕಲ್ಲ ಅಂದಿದ್ದಾನೆ ನರ್ಸರಿಯವನು. ಅದಕ್ಕೆ ನಾನೇನು ಮಾಡಲಿ?"

ಕಿತ್ತ ಗೂಟಗಳು ಗೋಡೆಗೆ ಒರಗಿದ್ದವು. ನೆವೆನಾ ಹತ್ತಿರ ಹೋಗಿ ನೋಡಿದಳು. ಆರೂ ಚೂಪು ತುದಿ ಕೆಳಗೆ ಮಾಡಿ, ಸಾಲಾಗಿ, ಮಣ್ಣು ಒರೆಸಿಕೊಂಡು ನಿಂತಿದ್ದವು. ಆಟದ ಹುಡುಗರು ಹೀಗೆ ಜೋಡಿಸಿಡುತ್ತಾರೆಯೇ? ಅಸೆನ್ ತನ್ನ ಕಾಲುಚೀಲಗಳನ್ನೇ ಜೋಡಿಸಿದವನಲ್ಲ. ಅದೂ ಅಲ್ಲದೆ, ಪ್ರತಿ ಸಲ ಅದೇ ಆರು ಯಾಕೆ? ಗ್ರಂಥಾಲಯದ ಪಕ್ಕದ ಮೂರನ್ನು ಯಾಕೆ ಯಾರೂ ಮುಟ್ಟುವುದಿಲ್ಲ?

ಹಲ್ಲಿನ ಸಂದಿಗೆ ಸಿಕ್ಕಿದ ನಾರಿನಂತೆ ಆ ಪ್ರಶ್ನೆ ಅವಳನ್ನು ಬಿಡಲಿಲ್ಲ. ಸಂಜೆ ಮಿನ್ಕಾ ಹಟ ಹಿಡಿದು ಮತ್ತೆ ಆರು ಗೂಟ ಹೊಡೆದರು. ಮರುದಿನ ನೆವೆನಾ ಒಂದು ತುಂಡು ಬಾನಿತ್ಸಾ ಜೇಬಿಗೆ ತುರುಕಿಕೊಂಡು ಅರ್ಧ ಗಂಟೆ ಮೊದಲೇ ಮನೆ ಬಿಟ್ಟಳು. ಅಂಗಡಿಯ ಬ್ರೆಡ್ಡಿನ ಕ್ರೇಟುಗಳ ಹಿಂದೆ ಕೂತು ಅದನ್ನು ತಿನ್ನತೊಡಗಿದಳು. ಹಿಟ್ಟಿನ ಪದರಗಳ ಒಳಗಿನ ಚೀಸ್ ಇನ್ನೂ ಬೆಚ್ಚಗಿತ್ತು.

ಬಸ್ಸು ಬಂತು. ಚೌಕದ ಅಂಚಿನಲ್ಲಿ ನಿಂತಿತು. ಡ್ರೈವರ್ ವೆಲ್ಕೊ ಇಳಿದು ಗೂಟಗಳನ್ನು ಒಂದೊಂದಾಗಿ ಅಲ್ಲಾಡಿಸಿ ಕಿತ್ತ, ಒರೆಸಿದ, ಗೋಡೆಗೆ ಒರಗಿಸಿದ. ಆಮೇಲೆ ಬಸ್ಸು ಹತ್ತಿ ಇಡೀ ಚೌಕ ಸುತ್ತಿ ತಿರುಗಿಸಿ ನಿಲ್ಲಿಸಿದ.

ನೆವೆನಾಳ ಬಾಯಿಯಲ್ಲಿದ್ದ ತುತ್ತು ಬಾಯಲ್ಲೇ ಉಳಿಯಿತು.

ಆ ದಿನ ಅವಳು ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತಳು. ಬಸ್ಸು ಊರು ದಾಟಿದ ಮೇಲೆ ಮೆಲ್ಲಗೆ ಕೇಳಿದಳು. "ವೆಲ್ಕೊ ಮಾಮಾ, ಗೂಟ ಯಾಕೆ ಕಿತ್ರಿ?"

"ನೋಡಿದ್ಯಾ?"

"ಹೂಂ."

"ಈ ಬಸ್ಸು ಹನ್ನೊಂದು ಮೀಟರ್ ಉದ್ದ ಕಣಮ್ಮ. ಆ ಆರು ಗೂಟಾನೂ ನಾನು ತಿರುಗಿಸೋ ದಾರೀಲೇ ಇವೆ. ಅಲ್ಲಿ ಮರ ಬಂದ್ರೆ ಬಸ್ಸು ಊರೊಳಗೆ ಬರೋಕಾಗಲ್ಲ, ಹೈವೇಲೇ ನಿಲ್ಲುತ್ತೆ. ನೀನೇನೋ ಎರಡು ಕಿಲೋಮೀಟರ್ ಓಡಿ ಬರ್ತೀಯ. ಊರಿಗೆಲ್ಲ ಇರೋದು ಇದೊಂದೇ ಬಸ್ಸು, ತನಾಸ್ ಅಜ್ಜ ಬರ್ತಾರಾ?"

"ಮಿನ್ಕಾ ಮೇಡಂಗೆ ಹೇಳಬಾರದಿತ್ತಾ?"

"ಕಿಟಕಿಯಿಂದ ಕೂಗಿ ಹೇಳ್ದೆ, ಎರಡು ಸಲ. ಅವರು ಕೈ ಬೀಸಿ ನಕ್ಕು ಹೋದ್ರು. ನಾನು ಬೇರೆ ಊರಿನೋನು. ನಿಮ್ಮೂರ ವಿಷಯಕ್ಕೆ ಎಷ್ಟು ಅಂತ ಬಾಯಿ ಹಾಕಲಿ?"

"ನಮ್ಮಣ್ಣನೇ ಕಿತ್ತಿದ್ದು ಅಂತಿದಾರೆ ಎಲ್ಲರೂ."

ವೆಲ್ಕೊ ತಟ್ಟನೆ ತಿರುಗಿ ನೋಡಿದ. "ಅದು ನನಗೆ ಗೊತ್ತಿರಲಿಲ್ಲ," ಎಂದ. ಅವನ ಮುಖ ಸಣ್ಣದಾಯಿತು. "ಇವತ್ತೇ ಹೇಳ್ತೀನಿ."

ನೆವೆನಾ ಆಗಲೇ ಬೇರೆ ಯೋಚನೆಯಲ್ಲಿದ್ದಳು. "ಮಾಮಾ, ಬಸ್ಸು ಎಲ್ಲೆಲ್ಲಿ ಹೋಗಲ್ಲ?"

"ಅಂದ್ರೆ?"

"ತಿರುಗಿಸೋವಾಗ. ಹೋಗದೇ ಇರೋ ಜಾಗ ಇರುತ್ತಲ್ಲ?"

"ಹೋಗೋ ಜಾಗ ಕೈಗೆ ಗೊತ್ತು. ಹೋಗದೇ ಇರೋದನ್ನ ಯಾರು ನೋಡ್ತಾರೆ?"

ಮಧ್ಯಾಹ್ನ ವಾಪಸು ಬಂದಾಗ ವೆಲ್ಕೊ ಬಸ್ಸನ್ನು ಚೌಕದ ಅಂಚಿನಲ್ಲೇ ನಿಲ್ಲಿಸಿದ. ನೆವೆನಾ ಮತ್ತು ಅಸೆನ್ ಮನೆಮನೆಯ ಒಲೆಯ ಬೂದಿಯನ್ನು ಬಕೆಟ್ಟಿನಲ್ಲಿ ತಂದು ಚೌಕದ ತುಂಬ ಹರಡಿದರು.

"ಚಕ್ರದ ಗುರುತೇನೋ ಬೀಳುತ್ತೆ," ಎಂದ ವೆಲ್ಕೊ. "ಆದರೆ ಬಸ್ಸಿನ ಬಾಲ ಚಕ್ರಕ್ಕಿಂತ ಹೊರಗೆ ಬೀಸುತ್ತೆ. ಅದು ಹೇಗೆ ಗೊತ್ತಾಗಬೇಕು?"

ಅಸೆನ್ ಯೋಚಿಸಿ, ಬಾಟಲಿಯೊಂದಕ್ಕೆ ನೀರು ತುಂಬಿ, ತಳಕ್ಕೆ ಮೊಳೆಯಿಂದ ತೂತು ಮಾಡಿ, ಬಸ್ಸಿನ ಹಿಂದಿನ ಮೂಲೆಗೆ ನೇತುಹಾಕಿದ.

"ಮಿನ್ಕಾ, ಬೇಗ ಬಾ. ಊರಿಗೇ ಬೂದಿ ಬಳೀತಿದಾರೆ," ತನಾಸ್ ಅಜ್ಜ ಕೂಗಿದರು.

ಮಿನ್ಕಾ ಬರುವಷ್ಟರಲ್ಲಿ ಬಸ್ಸು ಸುತ್ತು ಮುಗಿಸಿತ್ತು. ಬೂದಿಯ ಮೇಲೆ ಚಕ್ರದ ಅಗಲ ಗೆರೆಗಳು, ಹೊರಗಡೆ ನೀರಿನ ಚುಕ್ಕಿಸಾಲು. ಆರು ಗೂಟದ ತೂತುಗಳೂ ಆ ದಾರಿಯೊಳಗೇ ಇದ್ದವು.

ವೆಲ್ಕೊ ಟೋಪಿ ತೆಗೆದ. "ಗೂಟ ಕಿತ್ತಿದ್ದು ನಾನು, ಮೇಡಂ. ಹುಡುಗರಲ್ಲ."

"ಬಂದು ಹೇಳೋದಲ್ವಾ?"

"ಹೇಳಿದ್ದೆ. ಕಿಟಕಿಯಿಂದ."

ಮಿನ್ಕಾ ನೆನಪಿಸಿಕೊಂಡರು. "ನೀನು ನಮಸ್ಕಾರ ಹೇಳ್ತಿದ್ದೀಯ ಅಂದ್ಕೊಂಡೆ," ಎಂದರು ಮೆಲ್ಲಗೆ. ಅಸೆನ್ ಕಡೆ ತಿರುಗಿದರು. ಅವನ ಭುಜ ತಟ್ಟಿದರು.

"ಅಲ್ಲಿ ನೋಡಿ," ಎಂದಳು ನೆವೆನಾ.

ಚಕ್ರದ ಗೆರೆಗಳ ಒಳಗೆ, ಚೌಕದ ನಟ್ಟನಡುವೆ, ದುಂಡಗೆ ಒಂದಷ್ಟು ಬೂದಿ ಹಾಗೇ ಉಳಿದಿತ್ತು. ಒಂದು ಚಕ್ರವೂ ಅದನ್ನು ಮುಟ್ಟಿರಲಿಲ್ಲ.

"ಅಲ್ಲಿ ಮರ ಇದ್ರೆ ನಿನಗೆ ಅಡ್ಡ ಇಲ್ವಾ?" ಮಿನ್ಕಾ ಕೇಳಿದರು.

"ಒಂದಲ್ಲ, ಮೂರು ನೆಡಿ. ಸುತ್ಕೊಂಡು ಹೋಗ್ತೀನಿ."

ಶನಿವಾರ ಅರ್ಧ ಊರೇ ಗುದ್ದಲಿ ಹಿಡಿದು ಬಂತು. ಗ್ರಂಥಾಲಯದ ಪಕ್ಕ ಮೂರು, ನೀರಿನ ಚುಕ್ಕಿಗಳಾಚೆ ಮೂರು, ನಡುವೆ ಎರಡು ಗಿಡ ನಿಂತವು. ಕೊನೆಯ ಗುಂಡಿಯ ಹತ್ತಿರ ನೆವೆನಾ ಸುತ್ತಲೂ ನೋಡಿದಳು. ಶನಿವಾರ ಬಸ್ಸಿಲ್ಲ. ವೆಲ್ಕೊನನ್ನು ಕರೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅವಳಿಗೂ ಹೊಳೆದಿರಲಿಲ್ಲ.

"ಇದೊಂದು ಸೋಮವಾರದವರೆಗೆ ಇರಲಿ," ಎಂದಳು.

ಮಿನ್ಕಾ ಅವಳ ಮುಖ ನೋಡಿ, ಆ ಕಡೆಯವರು ಹೌದೆನ್ನುವ ರೀತಿಯಲ್ಲಿ, ಆಗಲಿ ಎಂದು ತಲೆ ಅಡ್ಡಡ್ಡ ಆಡಿಸಿದರು.

ಸೋಮವಾರ ಬೆಳಿಗ್ಗೆ ವೆಲ್ಕೊ ಮಂಡಿಯೂರಿ ಕೂತು ಬೇರುಗಳನ್ನು ಬೆರಳಿನಿಂದ ಬಿಡಿಸಿ, ಒಂಬತ್ತನೆಯ ಗಿಡ ನೆಟ್ಟ. ಅವತ್ತು ಬಸ್ಸು ಹತ್ತು ನಿಮಿಷ ತಡವಾಗಿ ಹೊರಟಿತು. ಯಾರೂ ಗೊಣಗಲಿಲ್ಲ.

ಟೌನಿನ ಆಸ್ಪತ್ರೆಗೆ ಹೊರಟಿದ್ದ ತನಾಸ್ ಅಜ್ಜ ಮುಂದಿನ ಸೀಟಿನಲ್ಲಿ ಕೂತು ಕೆಮ್ಮಿದರು. "ವೆಲ್ಕೊ, ನಿನ್ನೂರು ಯಾವುದಯ್ಯ? ಯಾರ ಮಗ ನೀನು?"

ವೆಲ್ಕೊ ಕನ್ನಡಿಯಲ್ಲಿ ಅಜ್ಜನನ್ನು ನೋಡಿದ. ನಕ್ಕ. ಗೇರ್ ಬದಲಾಯಿಸಿ ತನ್ನೂರ ಹೊಳೆಯಿಂದ ಶುರುಮಾಡಿದ.

ನಾಲ್ಕು ವರ್ಷದಿಂದ ದಿನಾ ಅವನ ಬೆನ್ನು ನೋಡುತ್ತಿದ್ದ ನೆವೆನಾ, ಸದ್ದು ಮಾಡದೆ ಎದ್ದು ಮಾತು ಸರಿಯಾಗಿ ಕೇಳಿಸುವಷ್ಟು ಹತ್ತಿರ ಬಂದು ಕೂತಳು.