ದೇಮಿ ಮತ್ತು ಬಾಯಿ ಮುಚ್ಚಿದ ಚಿಪ್ಪಿಗಳು

ಕಡಲಿಗೂ ಕಲ್ಲಿಗೂ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ ತೆರೆನಾಡು ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದ ಸಿಂಧುವರ್ಮನಿಗೆ ರೇಷ್ಮೆಯ ಹುಚ್ಚು. ವಕ್ರಾಕ್ಷನೆಂಬ ಮಂತ್ರವಾದಿ ಕಡಲಂಚಿನ ಗೋಪುರದಲ್ಲಿ ಬಣ್ಣ ಕಾಯಿಸಿ, ರಾಜನಿಗೆ ದಿನಕ್ಕೊಂದು ಹೊಸ ಬಣ್ಣದ ಶಾಲು ಹೊದಿಸುತ್ತಿದ್ದ. ಕೊಪ್ಪರಿಗೆಯಲ್ಲಿ ಉಳಿದ ವಿಷವನ್ನು ಕಡಲಿಗೆ ಬಿಡುತ್ತಿದ್ದ. ಅದು ತಿಳಿಯದಂತೆ ಮನುಷ್ಯರ ಕಣ್ಣು, ಮೂಗು, ನಾಲಿಗೆಗಳಿಗೆ ಮಂತ್ರದ ಕಟ್ಟು ಹಾಕಿದ್ದ. ಎಲ್ಲರಿಗೂ ನೀರು ಸ್ಫಟಿಕದಂತೆಯೇ ಕಾಣುತ್ತಿತ್ತು.

ಆ ತೀರದಲ್ಲಿ ದೇಮಿ ಎಂಬ ಹೆಂಗಸು ಬಂಡೆಯ ಚಿಪ್ಪಿ ಕಿತ್ತು ಬದುಕುತ್ತಿದ್ದಳು. ಅವಳ ಐದು ವರ್ಷದ ಮಗಳು ಚಂದು ಒಂದು ದಿನ ಕಡಲಲ್ಲಿ ಮಿಂದು ಬಂದಳು. ಮೂರು ದಿನ ವಾಂತಿ ಮಾಡಿಕೊಂಡಳು. ನಾಲ್ಕನೇ ದಿನ ಸತ್ತಳು. ಆ ತಿಂಗಳು ಇನ್ನೂ ಆರು ಮಕ್ಕಳು ಸತ್ತರು. ಅರಮನೆಯವರು ಡಂಗುರ ಹೊಡೆಸಿದರು: "ಕಡಲತೀರದವರು ಕೊಳಕರು, ಅದಕ್ಕೇ ಅವರ ಮಕ್ಕಳಿಗೆ ರೋಗ!"

ದೇಮಿ ಅಳಲಿಲ್ಲ. ಉಳಿ ಹಿಡಿದು ಬಂಡೆಗೆ ಹೋಗಿ ದಬದಬನೆ ಬಡಿದಳು. "ಚಿಪ್ಪಿಗಳೇ, ನೀವೂ ಇದೇ ನೀರಲ್ಲಿದ್ದೀರಲ್ಲ! ಒಂದು ಮಾತು ಹೇಳಬಾರದಿತ್ತೇ?"

ಎಲ್ಲಕ್ಕಿಂತ ಹಳೆಯ ಚಿಪ್ಪಿ ಬಾಯಿ ತೆರೆದು ಹೇಳಿತು: "ಹೇಳುತ್ತಲೇ ಇದ್ದೆವು ತಾಯಿ. ನೀರು ಒಳ್ಳೆಯದಾದರೆ ನಾವು ಬಾಯಿ ತೆರೆದು ಕುಡಿಯುತ್ತೇವೆ, ಕೆಟ್ಟರೆ ಬಿಗಿಯಾಗಿ ಮುಚ್ಚುತ್ತೇವೆ. ನೀವು ನೋಡಲಿಲ್ಲ. ವಕ್ರಾಕ್ಷ ಮನುಷ್ಯರಿಗೆ ಮಾತ್ರ ಕಟ್ಟು ಹಾಕಿದ. ನಮ್ಮಂಥ ಸಣ್ಣ ಜೀವಗಳು ಅವನ ಕಣ್ಣಿಗೇ ಬೀಳಲಿಲ್ಲ. ರಾಜ ತನ್ನ ಬಾಯಾರೆ 'ಇದು ವಿಷ' ಅಂದರೆ ಆ ಕಟ್ಟು ಹರಿಯುತ್ತದೆ."

ಎಷ್ಟು ದಿನದಿಂದ ಮುಚ್ಚಿದ ಚಿಪ್ಪಿಗಳನ್ನೇ ಕಿತ್ತು ಮನೆಗೆ ಒಯ್ದಿದ್ದಳೋ! ದೇಮಿಗೆ ತನ್ನ ಮೇಲೂ ಸಿಟ್ಟು ಉಕ್ಕಿತು. ಬುಟ್ಟಿ ತುಂಬ ಚಿಪ್ಪಿ ಹೊತ್ತು ನೇರ ಅರಮನೆಗೆ ನಡೆದಳು.

"ಪ್ರಭು, ಕೊಳಕು ನಮ್ಮದಲ್ಲ. ನಿಮ್ಮ ಮಂತ್ರವಾದಿಯದು."

ವಕ್ರಾಕ್ಷ ನಕ್ಕ. ರಾಜ ಪರೀಕ್ಷೆ ಇಟ್ಟ. ದೇಮಿಯ ಬೆನ್ನ ಹಿಂದೆ ಮೂರು ಕೊಡ ತುಂಬಿಸಿದರು. ಎರಡರಲ್ಲಿ ದೂರದ ತೀರದ ನೀರು, ಒಂದರಲ್ಲಿ ಗೋಪುರದ ಬುಡದ ನೀರು. ಮೂರೂ ಒಂದೇ ಥರ ಥಳಥಳಿಸುತ್ತಿದ್ದವು. ದೇಮಿ ಮೂರಕ್ಕೂ ಚಿಪ್ಪಿ ಬಿಟ್ಟಳು. ಎರಡು ಕೊಡದಲ್ಲಿ ಚಿಪ್ಪಿಗಳು ಮೆಲ್ಲನೆ ಬಾಯಿ ತೆರೆದವು. ಮೂರನೆಯದರಲ್ಲಿ ಒಂದೂ ತೆರೆಯಲಿಲ್ಲ.

"ಇದೇ ಗೋಪುರದ ನೀರು," ಎಂದಳು ದೇಮಿ.

"ಚಿಪ್ಪಿ ಮುನಿಸಿಕೊಂಡರೆ ಅದಕ್ಕೂ ನಾನೇ ಕಾರಣವೇ?" ಎಂದ ವಕ್ರಾಕ್ಷ. ಆಸ್ಥಾನದವರೆಲ್ಲ ನಕ್ಕರು.

"ವಿಷ ಎಲ್ಲಿಂದ ಬರುತ್ತದೆಂದು ತೋರಿಸು," ಎಂದ ರಾಜ.

ಅದು ಎರಡನೇ ಪರೀಕ್ಷೆ. ದೇಮಿ ಏಳು ಕಡೆ ಗೂಟ ನೆಟ್ಟು, ಹಗ್ಗಕ್ಕೆ ಚಿಪ್ಪಿಗಳ ಗೊಂಚಲು ಕಟ್ಟಿ ನೀರಿಗಿಳಿಬಿಟ್ಟಳು. ದೂರದವು ಬಾಯಿ ತೆರೆದಿದ್ದವು. ಗೋಪುರದ ಹತ್ತಿರದವು ಮುಚ್ಚಿದ್ದವು. ಏಳನೆಯ ಗೂಟದಲ್ಲಿ ಎಲ್ಲವೂ ಸತ್ತು ಬಾಯಿ ಬಿಟ್ಟಿದ್ದವು. ಅಲ್ಲೇ ಒಂದು ಬಂಡೆ. ಅದರ ಮುಂದೆ ಸರಪಳಿ ಬಿಗಿದ, ಮೂರು ತಲೆಯ ಮೊಸಳೆಯ ಕಾವಲು.

ಮೊಸಳೆ ಮೂರೂ ಬಾಯಿ ತೆರೆಯಿತು. ದೇಮಿ ಕದಲಲಿಲ್ಲ. "ನನ್ನ ಮಗಳನ್ನು ತಿಂದದ್ದು ನೀನಲ್ಲ, ಈ ನೀರು. ನಿನ್ನ ಮೈ ನೋಡಿಕೋ, ಚರ್ಮ ಸುಲಿದು ಹುಣ್ಣಾಗಿದೆ. ಯಾರನ್ನು ಕಾಯುತ್ತಿದ್ದೀಯೆ?"

ಮೊಸಳೆಯ ಆರು ಕಣ್ಣಲ್ಲೂ ನೀರು ಬಂತು. "ಸರಪಳಿ ಬಿಚ್ಚು," ಎಂದಿತು.

ದೇಮಿ ಉಳಿಯಿಂದ ಸರಪಳಿ ಕಡಿದಳು. ಬಂಡೆಯನ್ನು ತಳ್ಳಿದರೆ ಅದು ಬಂಡೆಯಲ್ಲ, ಬರೀ ಮಾಯೆ. ಹಿಂದೆ ತೂಬು. ತೂಬಿನಿಂದ ನೀರು ಭೋರ್ಗರೆದು ಬರುತ್ತಿತ್ತು.

ಮೂರನೆಯ ಪರೀಕ್ಷೆ ರಾಜ ಇಟ್ಟದ್ದಲ್ಲ. ಅವನು ಪರಿವಾರದೊಂದಿಗೆ ತೂಬಿನ ಬಳಿ ಬಂದು ನಿಂತಾಗ ವಕ್ರಾಕ್ಷ ಕೈ ಬೀಸಿದ. ದೇಮಿಯ ಪಾದ ಕಲ್ಲಾಯಿತು. ಮೊಣಕಾಲು ಕಲ್ಲಾಯಿತು.

"ಪ್ರಭು, ಸತ್ತ ಚಿಪ್ಪಿ ನೋಡಿದಿರಿ, ತೂಬು ನೋಡಿದಿರಿ. ಇದೇನೆಂದು ಹೇಳಿ!" ಎಂದಳು ದೇಮಿ.

ರಾಜ ತನ್ನ ಶಾಲಿನ ಅಂಚು ಮುಟ್ಟಿಕೊಂಡ. ದೇಮಿಯ ಸೊಂಟ ಕಲ್ಲಾಯಿತು.

"ನಾನು ಮಗಳಿಗೆ ಮಣ್ಣು ಹಾಕುವಾಗ ನೀವು ಶಾಲಿನ ಬಣ್ಣ ಆರಿಸುತ್ತಿದ್ದಿರಿ!" ದೇಮಿ ಕೂಗಿದಳು. "ಏಳು ಮಕ್ಕಳು, ಪ್ರಭು! ಅವರನ್ನು ಕೊಳಕರು ಅಂದ ಬಾಯಲ್ಲಿ ಇಷ್ಟೂ ಹೇಳಲಾಗದೇ?"

ಕಲ್ಲು ಅವಳ ಕತ್ತಿಗೆ ಬಂದಿತ್ತು. ರಾಜ ಶಾಲು ಕಿತ್ತೆಸೆದ. "ಇದು ವಿಷ," ಎಂದ. ದನಿ ಸಣ್ಣದಿತ್ತು. ಮತ್ತೊಮ್ಮೆ ಗಟ್ಟಿಯಾಗಿ, "ಇದು ವಿಷ! ನನ್ನ ಶಾಲಿಗಾಗಿಯೇ ಬಿಟ್ಟದ್ದು!" ಎಂದ.

ಕಟ್ಟು ಹರಿಯಿತು. ಸ್ಫಟಿಕದ ನೀರು ಕಪ್ಪು ಕೀವಿನಂತೆ ಕಂಡಿತು. ಕೊಳೆತ ನಾತಕ್ಕೆ ಮಂತ್ರಿಗಳು ಅಲ್ಲೇ ಕಾರಿಕೊಂಡರು. ದೇಮಿಯ ಮೈಯಿಂದ ಕಲ್ಲು ಚೂರುಚೂರಾಗಿ ಉದುರಿತು. ಓಡಲು ಹೋದ ವಕ್ರಾಕ್ಷ ಜಾರಿ ತನ್ನದೇ ವಿಷದಲ್ಲಿ ಬಿದ್ದ. ಮೊಸಳೆ ಅವನನ್ನು ಎಳೆದುಕೊಂಡು ಆಳಕ್ಕೆ ಹೋಯಿತು.

ರಾಜ ಕೈಮುಗಿದು, "ಏನು ಬೇಕು ಕೇಳು ತಾಯಿ," ಎಂದ.

"ಮಗಳು ಬೇಕು. ಕೊಡುತ್ತೀರಾ?" ಎಂದಳು ದೇಮಿ. ರಾಜ ತಲೆ ತಗ್ಗಿಸಿದ. "ಹಾಗಾದರೆ ಪ್ರತಿ ಅಮಾವಾಸ್ಯೆಗೆ, ಪ್ರತಿ ಹುಣ್ಣಿಮೆಗೆ ಚಿಪ್ಪಿಯ ಬುಟ್ಟಿ ನೀವೇ ಹೊತ್ತು ಬನ್ನಿ. ಏಳೂ ಗೂಟ ನಿಮ್ಮ ಕಣ್ಣಾರೆ ನೋಡಿ."

ಗೋಪುರ ಕೆಡವಿದರು, ತೂಬು ಮುಚ್ಚಿದರು. ಸಿಂಧುವರ್ಮ ಸಾಯುವತನಕ ಬುಟ್ಟಿ ಹೊತ್ತ. ಮೂರು ವರ್ಷಕ್ಕೆ ಏಳನೇ ಗೂಟದ ಚಿಪ್ಪಿಗಳೂ ಬಾಯಿ ತೆರೆದವು. ತೀರದಲ್ಲಿ ಮತ್ತೆ ನಗು, ಮದುವೆ, ತೊಟ್ಟಿಲು. ಮಕ್ಕಳು ಕಡಲಿಗಿಳಿದು ಹೊತ್ತು ಮುಳುಗುವವರೆಗೂ ಮೇಲೆ ಬರುತ್ತಿರಲಿಲ್ಲ. "ಸಾಕು ಬನ್ರೋ, ಚಳಿ ಹಿಡಿದೀತು!" ಎಂದು ದೇಮಿ ದಡದಲ್ಲಿ ನಿಂತು ಬೈಯುತ್ತಿದ್ದಳು. ಯಾರೂ ಕೇಳುತ್ತಿರಲಿಲ್ಲ.