ಹದಿನಾರು ಅಕ್ಷರದ ಹೆಸರು

“ಚೂಟಿ, ಸ್ವಾಗತಗೀತೆ ಎಲ್ಲಿ ಹೋಯ್ತಮ್ಮಾ?” ಎಂದು ಸಂಗೀತದ ಮೇಷ್ಟ್ರು ಮೂರನೇ ಸಲ ಕೇಳಿದರು.

ಚೂಟಿ ಅವಸರ ಮಾಡಲಿಲ್ಲ. ಜಡೆಯನ್ನು ಹಿಂದಕ್ಕೆ ಹಾಕಿಕೊಂಡಳು. ಸ್ಟೂಲನ್ನು ಹತ್ತಿರಕ್ಕೆ ಎಳೆದು ಕೂತಳು. ಹಾಡಲು ಬಾಯಿ ತೆರೆದು ನಿಂತಿದ್ದ ಇಪ್ಪತ್ತು ಮಕ್ಕಳನ್ನು ಒಮ್ಮೆ ನೋಡಿದಳು. ಆಮೇಲೆ ಕೀಬೋರ್ಡಿನ ಪುಟ್ಟ ಪರದೆಯಲ್ಲಿ ‘ಚಪ್ಪಲಿ’ ಎಂಬ ಹೆಸರು ಹುಡುಕಿ ಗುಂಡಿ ಒತ್ತಿದಳು. ಸ್ವಾಗತಗೀತೆ ಶುರುವಾಯಿತು.

ಅದಕ್ಕೆ ಚಪ್ಪಲಿ ಅಂತ ಯಾಕೆ ಹೆಸರಿಟ್ಟೆ ಎಂದು ಮೇಷ್ಟ್ರು ಕೇಳಿದರು. ಅದನ್ನು ರೆಕಾರ್ಡ್ ಮಾಡಿದ ದಿನ ಅವರ ಚಪ್ಪಲಿಯ ಬಾರು ಕಿತ್ತುಹೋಗಿತ್ತಂತೆ. ಮೇಷ್ಟ್ರಿಗೆ ಅದು ಮರೆತೇಹೋಗಿತ್ತು. ಪಾಪ, ಅವರು ಹಾಡುವುದರಲ್ಲಿ ಎತ್ತಿದ ಕೈ. ಆದರೆ ಗುಂಡಿ, ಲೈಟು, ಪರದೆ ಕಂಡರೆ ಮಾರು ದೂರ ನಿಲ್ಲುತ್ತಿದ್ದರು.

ಆ ಕೀಬೋರ್ಡು ಶಾಲೆಗೆ ಬಂದು ಒಂದು ವರ್ಷವಾಗಿತ್ತು. ಅದು ಬರೀ ನುಡಿಸುವ ಪೆಟ್ಟಿಗೆಯಲ್ಲ, ನೆನಪಿಟ್ಟುಕೊಳ್ಳುವ ಪೆಟ್ಟಿಗೆ. ಮೊದಲು ತಾಳದ ಒಂದು ಚಿಕ್ಕ ತುಂಡು ಮಾಡಿಕೊಳ್ಳಬೇಕು, ಅದಕ್ಕೆ ಪ್ಯಾಟರ್ನ್ ಅಂತ ಹೆಸರು. ಅದರ ಜೊತೆಗೆ ಕೊಳಲಿಗೆ ಒಂದು ಟ್ರ್ಯಾಕ್, ಪಿಟೀಲಿಗೆ ಒಂದು ಟ್ರ್ಯಾಕ್, ಹೀಗೆ ಒಂದರ ಮೇಲೊಂದು ಸೇರಿಸುತ್ತಾ ಹೋದರೆ ಒಂದು ಹಾಡು ಆಗುತ್ತದೆ. ಹಾಡಿಗೊಂದು ನಂಬರು ತಾನಾಗಿ ಬರುತ್ತದೆ. ಹೆಸರು ಮಾತ್ರ ನಾವೇ ಇಡಬೇಕು. ಇಂಗ್ಲಿಷ್ ಅಕ್ಷರದಲ್ಲೇ ಇಡಬೇಕು, ಅದೂ ಹದಿನಾರು ಅಕ್ಷರ ಮೀರುವಂತಿಲ್ಲ.

ಇದನ್ನೆಲ್ಲ ಕಲಿತಿದ್ದವಳು ಇಡೀ ಶಾಲೆಯಲ್ಲಿ ಐದನೇ ಕ್ಲಾಸಿನ ಚೂಟಿ ಒಬ್ಬಳೇ. ಹೆಸರುಗಳೂ ಅವಳವೇ. ಮಾರ್ಚ್‌ಪಾಸ್ಟಿನ ಹಾಡು ‘ಕೆಮ್ಮು’, ಏಕೆಂದರೆ ಅವತ್ತು ಪೀಟಿ ಸರ್ ಬಿಡದೆ ಕೆಮ್ಮುತ್ತಿದ್ದರು. ಜೋಗುಳ ‘ಪೆನ್ಸಿಲ್’. ಕೊಳಲಿನ ಟ್ರ್ಯಾಕಿಗೆ ‘ಬಿಕ್ಕಳಿಕೆ’, ದಪ್ಪ ದನಿಯ ಟ್ರ್ಯಾಕಿಗೆ ‘ಗೊರಕೆ’. ಎರಡನೇ ಕ್ಲಾಸಿನವರ ಕಪ್ಪೆ ಕುಣಿತದ ಹಾಡಿಗೆ ‘ಸೊಳ್ಳೆ’ ಅಂತ ಹೆಸರು. ಹೀಗೆ ಹನ್ನೆರಡು ಹಾಡು. ಯಾವುದು ಬೇಕಾದರೂ ಎಲ್ಲರೂ ಚೂಟಿಯನ್ನೇ ಕೇಳಬೇಕು. ಕೇಳಿದಾಗಲೆಲ್ಲ ಅವಳು ಒಳಗೊಳಗೇ ಉಬ್ಬಿಹೋಗುತ್ತಿದ್ದಳು.

ಆ ಕಪ್ಪೆಗಳಲ್ಲಿ ಅವಳ ತಮ್ಮನೂ ಒಬ್ಬ. ಅವನಿಗೆ ಸ್ಟೇಜು ಹತ್ತುವುದು ಇದೇ ಮೊದಲು. ತಿಂಗಳಿಂದ ಮನೆಯ ಹಜಾರದಲ್ಲಿ ಕುಪ್ಪಳಿಸಿ ಕುಪ್ಪಳಿಸಿ ಕೆಳಗಿನ ಮನೆಯವರ ಕೈಲಿ ಬೈಸಿಕೊಂಡಿದ್ದ. ಧೈರ್ಯವೇನೋ ಬಂದಿತ್ತು, ಆದರೆ ಒಂದು ಷರತ್ತಿನ ಮೇಲೆ.

“ನೀನೇ ಒತ್ತಬೇಕು ಅಕ್ಕಾ. ನೀನು ಅಲ್ಲಿದ್ರೆ ನಂಗೆ ಹೆದರಿಕೆ ಆಗಲ್ಲ.”

“ನಾನಲ್ದೆ ಇನ್ಯಾರೋ ಒತ್ತೋದು? ಆಯ್ತು, ಪ್ರಾಮಿಸ್,” ಎಂದಿದ್ದಳು ಚೂಟಿ.

ವಾರ್ಷಿಕೋತ್ಸವಕ್ಕೆ ಹತ್ತು ದಿನ ಇರುವಾಗ ಹೆಡ್ ಮೇಡಂ ಸಂಗೀತದ ಕೋಣೆಗೆ ಬಂದರು. ಬಂದವರು ಕನ್ನಡಕ ಏರಿಸಿಕೊಂಡು ಪರದೆಯನ್ನು ಬಗ್ಗಿ ನೋಡಿದರು. ಚಪ್ಪಲಿ. ಕೆಮ್ಮು. ಸೊಳ್ಳೆ. ಅವರ ಮುಖ ಸುಟ್ಟ ಬದನೆಕಾಯಿಯಂತಾಯಿತು. ಸಮಾರಂಭಕ್ಕೆ ಮೇಲಿನ ಆಫೀಸಿನಿಂದ ದೊಡ್ಡ ಸಾಹೇಬರು ಬರುವವರಿದ್ದಾರೆ, ಅವರು ಇದನ್ನು ನೋಡಿದರೆ ಶಾಲೆಯ ಮಾನ ಏನಾಗಬೇಕು ಎಂದರು.

ಮಾನ ಉಳಿಸಲು ಅವತ್ತೇ ಒಂದು ಕಮಿಟಿ ಆಯಿತು. ಹೆಡ್ ಮೇಡಂ, ಡ್ರಾಯಿಂಗ್ ಟೀಚರು ಮತ್ತು ಆಫೀಸಿನ ಗುಮಾಸ್ತರು. ಮೂವರಲ್ಲಿ ಒಬ್ಬರೂ ಆ ಕೀಬೋರ್ಡನ್ನು ಮುಟ್ಟಿದವರಲ್ಲ, ಹಾಗಾಗಿ ಯಾರಿಗೂ ಯಾವ ಸಂದೇಹವೂ ಬರಲಿಲ್ಲ. ಎರಡು ಗಂಟೆ ಮೀಟಿಂಗ್ ನಡೆಯಿತು, ಮೂರು ಸಲ ಚಹಾ ಒಳಗೆ ಹೋಯಿತು. ಡ್ರಾಯಿಂಗ್ ಟೀಚರು ಹೆಸರುಗಳ ಸುತ್ತ ಹೂಬಳ್ಳಿ ಇರಲಿ ಎಂದರು. ಗುಮಾಸ್ತರು ಪೂರ್ತಿ ವಿವರವಿಲ್ಲದ ಹೆಸರು ಹೆಸರೇ ಅಲ್ಲ ಎಂದರು. ಅವರ ಮಾತೇ ಗೆದ್ದಿತು.

ಮರುದಿನ ಗುಮಾಸ್ತರು ಟೈಪ್ ಮಾಡಿದ ಹಾಳೆ ತಂದು ಚೂಟಿಯ ಕೈಗಿಟ್ಟರು. ಕೆಳಗೆ ಮೂರು ಸಹಿ, ಒಂದು ಸೀಲು. ಮೊದಲನೆಯ ಹೆಸರು ‘ಶಾಲಾ ವಾರ್ಷಿಕೋತ್ಸವ ಸಮಾರಂಭದ ಸ್ವಾಗತಗೀತೆ’. ಎರಡನೆಯದು ‘ಶಾಲಾ ವಾರ್ಷಿಕೋತ್ಸವ ಸಮಾರಂಭದ ಪಥಸಂಚಲನ ಗೀತೆ’. ಹನ್ನೆರಡೂ ಹೀಗೇ.

ಚೂಟಿ ಮೊದಲನೆಯದನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತುತ್ತಾ ಹೋದಳು. ಹದಿನಾರು ಅಕ್ಷರ ಆದದ್ದೇ ಪರದೆ ನಿಂತುಬಿಟ್ಟಿತು. ‘ಶಾಲಾ ವಾರ್ಷಿಕೋತ್ಸ’ ಅಷ್ಟೇ ಬಂತು, ಕೊನೆಯ ‘ವ’ಕ್ಕೂ ಜಾಗವಿಲ್ಲ. ಎರಡನೆಯದೂ ‘ಶಾಲಾ ವಾರ್ಷಿಕೋತ್ಸ’. ಮೂರನೆಯದೂ ಅದೇ.

ಹೀಗೆ ಮಾಡಿದರೆ ಎಲ್ಲದಕ್ಕೂ ಒಂದೇ ಹೆಸರಾಗುತ್ತದೆ ಎಂದು ಅವಳು ಗುಮಾಸ್ತರಿಗೆ ತೋರಿಸಿದಳು. ಅವರು ಪರದೆಯನ್ನು ನೋಡಲಿಲ್ಲ, ಹಾಳೆಯನ್ನು ನೋಡಿದರು. ಹಾಳೆಯಲ್ಲಿ ಬೇರೆ ಬೇರೆಯೇ ಇದೆಯಲ್ಲ, ಸೀಲು ಬಿದ್ದಮೇಲೆ ಮುಗಿಯಿತು, ಹೇಳಿದಷ್ಟು ಮಾಡು ಎಂದು ಹೊರಟುಹೋದರು.

ಚೂಟಿಗೆ ಮೊದಲು ಮೈ ಉರಿಯಿತು. ಆಮೇಲೆ ಒಂದು ಯೋಚನೆ ಬಂತು, ತುಟಿಯಲ್ಲಿ ನಗು ತಡೆಯಲಾಗಲಿಲ್ಲ. ಹೆಸರು ಒಂದೇ ಆದರೂ ನಂಬರುಗಳು ಇದ್ದೇ ಇರುತ್ತವಲ್ಲ. ಯಾವ ನಂಬರಿಗೆ ಯಾವ ಹಾಡು ಅಂತ ಗೊತ್ತಿರುವುದು ತನಗೊಬ್ಬಳಿಗೇ. ಕಪ್ಪೆ ಒಂಬತ್ತು, ಜೋಗುಳ ಎರಡು, ಮಾರ್ಚ್‌ಪಾಸ್ಟ್ ಐದು. ಹನ್ನೆರಡನ್ನೂ ಅವಳು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದಳು. ಕಮಿಟಿಯವರೇ ಬಂದು ತನ್ನ ಮುಂದೆ ತಲೆ ಕೆರೆದುಕೊಂಡು ನಿಲ್ಲುವುದನ್ನು ನೆನೆದು ಅವಳಿಗೆ ಖುಷಿಯೋ ಖುಷಿ. ಹನ್ನೆರಡು ಹಾಡಿಗೂ ಸೀಲು ಬಿದ್ದ ಹೆಸರನ್ನೇ ಇಟ್ಟಳು.

ಸಂಗೀತದ ಮೇಷ್ಟ್ರು ಪರದೆ ನೋಡಿ ಗಾಬರಿಯಾದರು. “ಆ ನಂಬರೆಲ್ಲ ಒಂದು ಚೀಟೀಲಿ ಬರೆದು ಕೊಟ್ಬಿಡಮ್ಮ, ನನ್ಹತ್ರ ಇರ್ಲಿ.”

“ಯಾಕೆ ಸಾರ್? ನಾನೇ ಇರ್ತೀನಲ್ಲ,” ಎಂದಳು ಚೂಟಿ.

ಅದೂ ಸರಿ ಎಂದುಕೊಂಡು ಮೇಷ್ಟ್ರು ಸುಮ್ಮನಾದರು.

ವಾರ್ಷಿಕೋತ್ಸವದ ದಿನ ಹತ್ತು ಗಂಟೆಗೆ ಸಾಹೇಬರು ಬರಬೇಕಿತ್ತು. ಅವರಿಗೆ ಹೂಗುಚ್ಛ ಕೊಡಬೇಕಿದ್ದ ಹುಡುಗಿ ಗಾಬರಿಗೆ ಯೂನಿಫಾರ್ಮಿನ ಮೇಲೇ ವಾಂತಿ ಮಾಡಿಕೊಂಡಳು. ಹೆಡ್ ಮೇಡಂ ಸುತ್ತಲೂ ನೋಡಿದರು. ಎಲ್ಲರಿಗಿಂತ ಬೆಳ್ಳಗಿದ್ದದ್ದು ಚೂಟಿಯ ಯೂನಿಫಾರ್ಮು. ಹೂಗುಚ್ಛ ಅವಳ ಕೈಗೆ ಬಂತು, ಗೇಟಿನ ಹತ್ತಿರ ಹೋಗಿ ನಿಲ್ಲು ಎಂಬ ಅಪ್ಪಣೆಯೂ ಬಂತು.

“ಮೇಡಂ, ಕೀಬೋರ್ಡು...”

“ಹೆಸರೆಲ್ಲ ಸರಿಮಾಡಿಸಿ ಆಗಿದೆಯಲ್ಲ. ಇನ್ಮೇಲೆ ಯಾರು ಬೇಕಾದ್ರೂ ಒತ್ತಬಹುದು. ಹೋಗು ಹೋಗು.”

ಸಮಾರಂಭ ಶಾಲೆಯ ಹಾಲಿನಲ್ಲಿ, ಗೇಟು ಮೈದಾನದ ಆ ತುದಿಯಲ್ಲಿ. ಹತ್ತೂಕಾಲಾಯಿತು, ಹತ್ತೂವರೆಯಾಯಿತು, ಸಾಹೇಬರ ಸುಳಿವಿಲ್ಲ. ಬಿಸಿಲಿಗೆ ಹೂವಿನ ತಲೆ ಬಾಗತೊಡಗಿತು. ಅಷ್ಟರಲ್ಲಿ ಲೌಡ್‌ಸ್ಪೀಕರಿನಲ್ಲಿ ಹೆಡ್ ಮೇಡಂ ದನಿ ಕೇಳಿಸಿತು. ಅತಿಥಿಗಳು ಬರುವವರೆಗೆ ಪುಟಾಣಿಗಳ ಕಪ್ಪೆ ಕುಣಿತ ಮುಗಿಸಿಬಿಡೋಣ ಎನ್ನುತ್ತಿದ್ದರು. ಚೂಟಿ ಥಟ್ಟನೆ ಹಾಲಿನ ಕಡೆ ತಿರುಗಿದಳು.

ಕಾರ್ಯಕ್ರಮದ ಪಟ್ಟಿಯಲ್ಲಿ ಕಪ್ಪೆ ಕುಣಿತ ಐದನೆಯದು. ಮೇಷ್ಟ್ರು ಪಾಪ, ತಮಗೆ ತಿಳಿದಷ್ಟು ಯೋಚಿಸಿ ಐದನೇ ನಂಬರನ್ನು ಒತ್ತಿರಬೇಕು. ಢಮಢಮ ಎಂದು ಮಾರ್ಚ್‌ಪಾಸ್ಟಿನ ಡ್ರಮ್ಮು ಮೈದಾನದ ತುಂಬ ಮೊಳಗಿತು.

ಚೂಟಿ ಹೂಗುಚ್ಛ ಹಿಡಿದುಕೊಂಡೇ ಓಡಿದಳು.

ಅವಳು ಅರ್ಧ ಮೈದಾನ ದಾಟುವಷ್ಟರಲ್ಲಿ ಡ್ರಮ್ಮು ನಿಂತು ಜೋಗುಳ ಶುರುವಾಯಿತು. ಹಾಲಿನೊಳಗಿಂದ ಜನ ಗೊಳ್ಳೆಂದು ನಕ್ಕದ್ದು ಕೇಳಿಸಿತು. ಮೆಟ್ಟಿಲು ಹತ್ತುವಷ್ಟರಲ್ಲಿ ಜೋಗುಳವೂ ನಿಂತು ಸ್ವಾಗತಗೀತೆ ಮೊಳಗಿತು. ಸಾಹೇಬರು ಬಂದೇಬಿಟ್ಟರು ಎಂದುಕೊಂಡು ಹಾಲಿನಲ್ಲಿದ್ದವರೆಲ್ಲ ದಡಬಡ ಎದ್ದು ಬಾಗಿಲ ಕಡೆ ತಿರುಗಿದರು. ಹೆಡ್ ಮೇಡಂ ಕೈ ಜೋಡಿಸಿದರು. ಗುಮಾಸ್ತರು ಜೋರಾಗಿ ಚಪ್ಪಾಳೆ ಶುರುಮಾಡಿದರು, ಎಲ್ಲರೂ ತಟ್ಟಿದರು.

ಬಾಗಿಲಲ್ಲಿ ನಿಂತಿದ್ದವಳು ಚೂಟಿ. ಏದುಸಿರು ಬಿಡುತ್ತಾ, ಜಡೆ ಬಿಚ್ಚಿಹೋಗಿ, ಕೈಯಲ್ಲಿ ಬಾಡಿದ ಹೂಗುಚ್ಛ.

ಎಲ್ಲರ ತಲೆಗಳಾಚೆ ಅವಳಿಗೆ ಸ್ಟೇಜು ಕಾಣಿಸಿತು. ಹಸಿರು ಟೋಪಿ ಹಾಕಿಕೊಂಡ ಎಂಟು ಕಪ್ಪೆಗಳು. ಇಬ್ಬರು ಇನ್ನೂ ಲೆಫ್ಟ್ ರೈಟ್ ಮಾಡುತ್ತಿದ್ದರು. ಅವಳ ತಮ್ಮ ಮಾತ್ರ ಕುಕ್ಕರಗಾಲಿನಲ್ಲಿ ಹಾಗೇ ಕೂತಿದ್ದ. ಟೋಪಿ ಕಣ್ಣಿನ ಮೇಲೆ ಜಾರಿತ್ತು. ಅದನ್ನು ಸರಿಮಾಡಿಕೊಳ್ಳದೆ ಅವನು, ಮೇಷ್ಟ್ರು ನಿಂತುಕೊಂಡೇ ಒತ್ತುತ್ತಿದ್ದ ಕೀಬೋರ್ಡಿನ ಮುಂದಿನ ಖಾಲಿ ಸ್ಟೂಲನ್ನೇ ನೋಡುತ್ತಿದ್ದ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಯಾರೋ ಸ್ಟೇಜಿನ ಪರದೆ ಎಳೆದುಬಿಟ್ಟರು.

ಅದೇ ಹೊತ್ತಿಗೆ ಗೇಟಿನ ಹತ್ತಿರ ಕಾರಿನ ಹಾರ್ನ್ ಕೇಳಿಸಿತು.

ಆಮೇಲೆ ಎಲ್ಲವೂ ಸುಸೂತ್ರವಾಗಿ ನಡೆಯಿತು. ಚೂಟಿ ಸ್ಟೂಲಿನ ಮೇಲೆ ಕೂತು ಒಂದೊಂದೇ ಹಾಡು ಒತ್ತಿದಳು, ಒಂದೂ ತಪ್ಪಲಿಲ್ಲ. ಹೊತ್ತಾಯಿತೆಂದು ಕಪ್ಪೆ ಕುಣಿತವನ್ನು ಮತ್ತೆ ಕರೆಯಲೇ ಇಲ್ಲ. ಕೊನೆಯಲ್ಲಿ ಸಾಹೇಬರು ಸ್ಟೇಜಿನಿಂದ ಇಳಿಯುತ್ತಾ ಕೀಬೋರ್ಡಿನ ಪರದೆಯತ್ತ ಕಣ್ಣು ಹಾಯಿಸಿ ನಿಂತರು. ಮೇಲಿಂದ ಕೆಳಗಿನವರೆಗೂ ಒಂದೇ ಹೆಸರು, ಒಂದಕ್ಷರ ಆಚೀಚೆ ಇಲ್ಲ. ಇಂಥ ಶಿಸ್ತನ್ನು ತಾವು ಯಾವ ಶಾಲೆಯಲ್ಲೂ ಕಂಡಿಲ್ಲ ಎಂದು ಮೆಚ್ಚಿ ತಲೆದೂಗಿದರು. ಲೈಬ್ರರಿಯ ಪುಸ್ತಕಗಳಿಗೂ ಇದೇ ಪದ್ಧತಿ ತರುವ ವಿಚಾರವಿದೆ ಎಂದು ಹೆಡ್ ಮೇಡಂ ಅಲ್ಲೇ ಹೇಳಿಬಿಟ್ಟರು. ಗುಮಾಸ್ತರು ಬರೆದುಕೊಂಡರು.

ಸಾಹೇಬರ ಕಾರು ಹೋದಮೇಲೆ ಹೆಡ್ ಮೇಡಂ ಚೂಟಿಯ ಬೆನ್ನು ತಟ್ಟಿದರು. “ನೀನಿಲ್ದಿದ್ರೆ ಇವತ್ತು ನಮ್ಮ ಗತಿ ಏನಾಗ್ತಿತ್ತಮ್ಮಾ!”

ಒಂದು ವರ್ಷದಿಂದ ಚೂಟಿ ಕೇಳಲು ಕಾದಿದ್ದದ್ದು ಇದೇ ಮಾತು. ಈಗ ಕೇಳಿದಾಗ ಅವಳಿಗೆ ನಾಚಿಕೆಯಾಯಿತು. ತಲೆಯೆತ್ತಿ ನೋಡಲಾಗಲಿಲ್ಲ.

ತಮ್ಮ ಸ್ಟೇಜಿನ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದ. ಪಕ್ಕದಲ್ಲಿ ಸಂಗೀತದ ಮೇಷ್ಟ್ರು. ತಪ್ಪು ನನ್ನದೇ ಮರಿ, ಈ ಪೆಟ್ಟಿಗೆ ನನಗೆ ತಿಳಿಯುವುದಿಲ್ಲ ಎಂದು ಅವನಿಗೆ ಸಮಾಧಾನ ಹೇಳುತ್ತಿದ್ದರು. ಚೂಟಿ ಹತ್ತಿರ ಹೋಗಿ, ಹೆಡ್ ಮೇಡಂ ತನ್ನನ್ನು ಗೇಟಿಗೆ ಕಳಿಸಿಬಿಟ್ಟರು, ಗುಮಾಸ್ತರು ಹೆಸರುಗಳನ್ನು ಕೆಡಿಸಿದರು ಎಂದು ಒಂದೇ ಉಸಿರಿಗೆ ಹೇಳಿದಳು. ಅದೆಲ್ಲ ನಿಜವೇ.

ತಮ್ಮ ಕೋಪ ಮಾಡಿಕೊಳ್ಳಲಿಲ್ಲ. ಮೂಗು ಒರೆಸಿಕೊಂಡು ಕೇಳಿದ. “ಯಾವ್ದು ಒತ್ಬೇಕು ಅಂತ ಸಾರ್‌ಗೆ ನೀನು ಹೇಳಿರ್ಲಿಲ್ವಾ ಅಕ್ಕಾ?”

ಚೂಟಿ ಮೇಷ್ಟ್ರ ಮುಖ ನೋಡಿದಳು. ಚೀಟಿಯ ಮಾತನ್ನು ಅವರೂ ಎತ್ತಲಿಲ್ಲ. ಬೈದಿದ್ದರೂ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

“ಇಲ್ಲ ಕಣೋ. ಸಾರ್ ಕೇಳಿದ್ರು. ನಾನೇ ಹೇಳ್ಲಿಲ್ಲ.”

ಹಾಲಿನಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಚೂಟಿ ಕೀಬೋರ್ಡಿನ ಮುಂದೆ ಕೂತು ಹೆಸರುಗಳನ್ನು ಅಳಿಸತೊಡಗಿದಳು. ಎರಡಕ್ಕೆ ‘ಜೋಗುಳ’ ಅಂತ ಬರೆದಳು. ಐದಕ್ಕೆ ‘ಮಾರ್ಚ್’. ಪ್ರತಿ ಹೆಸರನ್ನೂ ಜೋರಾಗಿ ಓದಿ, ಗೊತ್ತಾಗುತ್ತದೆಯೇ ಎಂದು ಮೇಷ್ಟ್ರನ್ನು ಕೇಳಿದಳು. ಅವರು ಕನ್ನಡಕ ಸರಿಮಾಡಿಕೊಂಡು, ಗೊತ್ತಾಗುತ್ತದೆ ಎಂದರು. ಹಾಡಿನ ಒಳಗಿನ ‘ಬಿಕ್ಕಳಿಕೆ’ಯನ್ನೂ ಅಳಿಸಿ ‘ಕೊಳಲು’ ಎಂದು ಬರೆದಳು. ಅದನ್ನು ಅಳಿಸುವಾಗ ಅವಳಿಗೆ ಸ್ವಲ್ಪ ಬೇಜಾರಾಯಿತು. ಅದು ಒಳ್ಳೆಯ ಹೆಸರಾಗಿತ್ತು.

ಹನ್ನೆರಡೂ ಮುಗಿದಮೇಲೆ ಸ್ಟೂಲಿನಿಂದ ಎದ್ದು ತಮ್ಮನನ್ನು ಕರೆದಳು. ಮನೆಗೆ ಹೋಗದೆ ಉಳಿದಿದ್ದ ಇನ್ನೂ ಮೂರು ಕಪ್ಪೆಗಳು ಅವನ ಹಿಂದೆಯೇ ಬಂದವು.

“ನಿಮ್ಮ ಹಾಡು ಎಲ್ಲಿದೆ, ಹುಡುಕು.”

ಅವನು ಪರದೆಗೆ ಮೂಗು ತಾಗಿಸಿ, ಬೆರಳಿಟ್ಟು ಕೆಳಗಿಳಿಯುತ್ತಾ ಬಂದ. ಒಂದು ಕಡೆ ನಿಂತ. ಕೆ, ಎ, ಪಿ, ಪಿ, ಇ ಎಂದು ಒಂದೊಂದೇ ಅಕ್ಷರ ಕೂಡಿಸಿದ. ಚೂಟಿಯ ನಾಲಿಗೆಯ ತುದಿಗೆ ಬಂದಿತ್ತು, ಆದರೂ ಹೇಳಿಕೊಡಲಿಲ್ಲ.

“ಕಪ್ಪೆ!” ಎಂದು ಕೂಗಿ ಅವನೇ ಗುಂಡಿ ಒತ್ತಿದ.

ಹಾಡು ಶುರುವಾಯಿತು. ಅವನು ಒಂದೇ ನೆಗೆತಕ್ಕೆ ಸ್ಟೇಜಿನ ನಡುವೆ ಹೋಗಿ ಕುಕ್ಕರಗಾಲಿನಲ್ಲಿ ಕೂತು, ತಾಳ ಎಣಿಸಿ ಕುಪ್ಪಳಿಸಿದ. ಮೂರು ಕಪ್ಪೆಗಳೂ ಕುಪ್ಪಳಿಸಿದವು. ಮೇಷ್ಟ್ರು ಚಪ್ಪಾಳೆ ತಟ್ಟಿದರು, ಕುರ್ಚಿ ಎತ್ತುತ್ತಿದ್ದವರು ಕೆಲಸ ಬಿಟ್ಟು ನೋಡಿದರು.

ಚೂಟಿ ಗೋಡೆಗೆ ಒರಗಿ ನಿಂತಿದ್ದಳು. ಹಾಡು ಮುಗಿಯುವವರೆಗೂ ತಮ್ಮ ಒಮ್ಮೆಯೂ ಅವಳ ಕಡೆ ತಿರುಗಿ ನೋಡಲಿಲ್ಲ.